ಹೊಳೆಯುವ ಚಾಕು ಶುದ್ಧವೇ?

ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕದ ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟ ಚಾಕು, ಕತ್ತರಿ, ಚಿಮಟಗಳನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಅವು ಫಳಫಳನೆ ಹೊಳೆಯುತ್ತವೆ. ಆದರೆ ಹೊಳಪು ಬೇರೆ, ಶುದ್ಧಿ ಬೇರೆ. ಬರೀ ತೊಳೆದ ಚಾಕುವನ್ನೂ ಕ್ರಿಮಿಶುದ್ಧಿ ಮಾಡಿದ ಚಾಕುವನ್ನೂ ಅಕ್ಕಪಕ್ಕದಲ್ಲಿಟ್ಟರೆ ನಮ್ಮ ಕ್ಯಾಮರಾದ ಕಣ್ಣಿಗೂ ವ್ಯತ್ಯಾಸ ಕಾಣದು. ಕಾಣದ ಈ ವ್ಯತ್ಯಾಸವನ್ನು ಅರಿಯುವ ಮೊದಲು ಅಸಂಖ್ಯಾತ ಜೀವಗಳು ಹೋದವು.

1846ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರ್ ಅರಿವಳಿಕೆಯ ಸಾರ್ವಜನಿಕ ಪ್ರದರ್ಶನ ನಡೆಯಿತು. ಶಸ್ತ್ರಚಿಕಿತ್ಸೆಯ ನೋವು ಹೋಯಿತು, ಸಾವು ಹೋಗಲಿಲ್ಲ. ಆಗಿನ ವೈದ್ಯ ರಕ್ತದ ಕಲೆಗಳಿದ್ದ ಹಳೆಯ ಕೋಟನ್ನು ತೊಟ್ಟೇ ಕೆಲಸಕ್ಕೆ ನಿಲ್ಲುತ್ತಿದ್ದ. ಉಪಕರಣಗಳಿಗೆ ಮರದ ಇಲ್ಲವೆ ದಂತದ ಹಿಡಿ. ಒಬ್ಬನಿಗೆ ಬಳಸಿದ್ದನ್ನು ಒರೆಸಿ ಮತ್ತೊಬ್ಬನಿಗೆ ಬಳಸುವುದು ಸಾಮಾನ್ಯ. ಶಸ್ತ್ರಚಿಕಿತ್ಸೆ ಯಶಸ್ವಿಯಾದರೂ ಗಾಯ ಕೀವಾಗಿ, ನಂಜೇರಿ ರೋಗಿ ಸಾಯುತ್ತಿದ್ದ.

ಫ್ರಾನ್ಸಿನ ಲೂಯಿ ಪ್ಯಾಶ್ಚರ್, ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿದಾಗ ಸ್ಕಾಟ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಜೋಸೆಫ್ ಲಿಸ್ಟರ್‌ಗೆ ದಾರಿ ಹೊಳೆಯಿತು. 1865ರ ಆಗಸ್ಟ್‌ನಲ್ಲಿ, ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಹುಡುಗನೊಬ್ಬನ ಗಾಯಕ್ಕೆ ಆತ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿದ. ಮೂಳೆ ಚರ್ಮ ಸೀಳಿ ಹೊರಬಂದ ಅಂಥ ಗಾಯಕ್ಕೆ ಕಾಲನ್ನೇ ಕತ್ತರಿಸುವುದು ವಾಡಿಕೆಯಾಗಿದ್ದ ಕಾಲವದು. ಆರು ವಾರಗಳಲ್ಲಿ ಹುಡುಗನ ಮೂಳೆ ಕೂಡಿತು. ಕೈ, ಉಪಕರಣ, ಗಾಯ ಎಲ್ಲಕ್ಕೂ ಕಾರ್ಬಾಲಿಕ್ ದ್ರಾವಣ ಬಂತು. ಆದರೆ ಅದು ವೈದ್ಯರ ಕೈಯನ್ನೂ ಸುಡುತ್ತಿತ್ತು.

ಗಾಯಕ್ಕೆ ಹೊಕ್ಕ ಸೂಕ್ಷ್ಮಜೀವಿಯನ್ನು ಕೊಲ್ಲುವ ಬದಲು, ಅದು ಹೊಗದಂತೆಯೇ ತಡೆದರೆ? ಉಪಕರಣಗಳನ್ನು ಕುದಿಸಿದರೆ ಸಾಲದೇ? ಸಾಲದು ಎಂಬುದಕ್ಕೆ ಆಧಾರ 1876ರಲ್ಲಿ ಸಿಕ್ಕಿತು. ಒಣಹುಲ್ಲು ನೆನೆಸಿದ ನೀರಿನ ಬ್ಯಾಕ್ಟೀರಿಯವೊಂದು ಗಟ್ಟಿ ಕವಚದ ಬೀಜಾಣುವಾಗಿ ಮಾರ್ಪಟ್ಟು ಕುದಿತವನ್ನೂ ತಾಳಿಕೊಳ್ಳುತ್ತದೆಂದು ಜರ್ಮನಿಯ ಫರ್ಡಿನಾಂಡ್ ಕೋನ್ ತೋರಿಸಿದ. ಅದೇ ವರ್ಷ ರಾಬರ್ಟ್ ಕಾಕ್, ಆಂತ್ರಾಕ್ಸ್ ರೋಗದ ಬ್ಯಾಕ್ಟೀರಿಯವೂ ಬೀಜಾಣುಗಳನ್ನು ಉಂಟುಮಾಡುವುದನ್ನು ವಿವರಿಸಿದ. ಧನುರ್ವಾಯುವಿನ ಬ್ಯಾಕ್ಟೀರಿಯವೂ ಇದೇ ಜಾತಿಯ ಹಟಮಾರಿ.

ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಬೆಂಕಿ ಹೆಚ್ಚಿಸಿದರೆ ಆವಿ ಹೆಚ್ಚುತ್ತದೆ, ಶಾಖವಲ್ಲ. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರಿದರೆ ಮಾತ್ರ ಶಾಖವೂ ಏರುತ್ತದೆ. ನಿಮ್ಮ ಅಡುಗೆಮನೆಯ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದು ಇದರಿಂದಲೇ. ಕುಕ್ಕರಿನ ಪೂರ್ವಜನನ್ನು ಡೆನಿಸ್ ಪಾಪಿನ್ 1679ರಲ್ಲಿ ರೂಪಿಸಿದ್ದ. ಸರಿಯಾಗಿ 200 ವರ್ಷಗಳ ಬಳಿಕ, 1879ರಲ್ಲಿ, ಪ್ಯಾಶ್ಚರನ ಸಹಾಯಕ ಚಾರ್ಲ್ಸ್ ಶಾಂಬರ್ಲಾಂಡ್ ಅದೇ ತತ್ವದಿಂದ ಆಟೋಕ್ಲೇವ್ ತಯಾರಿಸಿದ. ಬೀಜಾಣುಗಳನ್ನು ನಾಶಮಾಡಲು 160 ಡಿಗ್ರಿಯ ಒಣ ಶಾಖಕ್ಕೆ 2 ಗಂಟೆ ಬೇಕಾದರೆ, ಒತ್ತಡದಲ್ಲಿರುವ 121 ಡಿಗ್ರಿಯ ಹಬೆಗೆ 15 ನಿಮಿಷ ಸಾಕು. ಹಬೆ ತಣ್ಣನೆಯ ಲೋಹಕ್ಕೆ ತಗುಲಿ ನೀರಾಗುವಾಗ ತನ್ನ ಗುಪ್ತೋಷ್ಣವನ್ನೆಲ್ಲ ಅಲ್ಲಿಯೇ ಬಿಟ್ಟುಕೊಡುತ್ತದೆ. ತೇವವಿದ್ದರೆ ಜೀವಕೋಶದ ಪ್ರೋಟೀನುಗಳು ಬೇಗ ಹೆಪ್ಪುಗಟ್ಟುತ್ತವೆ.

1886ರ ಸುಮಾರಿಗೆ ಬರ್ಲಿನ್ನಿನ ಶಸ್ತ್ರವೈದ್ಯ ಅರ್ನ್‌ಸ್ಟ್ ಫಾನ್ ಬೆರ್ಗ್‌ಮನ್ ಹಬೆಯ ಶುದ್ಧಿಯನ್ನು ಶಸ್ತ್ರಚಿಕಿತ್ಸೆಗೆ ತಂದ. ಮರ, ದಂತಗಳ ಹಿಡಿಗಳು ಈ ಶಾಖವನ್ನು ತಾಳಲಾರವು. ಹಾಗಾಗಿ ಉಪಕರಣಗಳು ಪೂರ್ತಿ ಲೋಹದವಾದವು. ಇಂದು ನೀವು ಕಾಣುವ ಚಿಮಟ, ಕತ್ತರಿಗಳ ರೂಪವೇ ಸೂಕ್ಷ್ಮಜೀವಿಗಳ ವಿರುದ್ಧದ ಹೋರಾಟದ ಗುರುತು.

ಯಂತ್ರವಿದ್ದರೆ ಮಾತ್ರ ಸಾಲದು. ಒಣಗಿದ ರಕ್ತದ ಅಡಿಯಲ್ಲಿ ಬೀಜಾಣು ಅವಿತಿರಬಹುದು. ಆದ್ದರಿಂದ ಮೊದಲು ಚೆನ್ನಾಗಿ ತೊಳೆಯಬೇಕು. ಒಳಗೆ ಗಾಳಿ ಉಳಿದರೆ ಹಬೆ ಎಲ್ಲೆಡೆ ತಲುಪದು, ಅದನ್ನು ಹೊರದೂಡಬೇಕು. ಹಬೆ ತನ್ನ ಕೆಲಸ ಮಾಡಿದೆಯೇ ಎಂದು ತಿಳಿಯಲು, ಶಾಖಕ್ಕೆ ಸುಲಭವಾಗಿ ಬಗ್ಗದ ಆದರೆ ನಿರಪಾಯಕಾರಿಯಾದ ಬೀಜಾಣುಗಳನ್ನೇ ಆಟೋಕ್ಲೇವಿನೊಳಗಿಟ್ಟು, ಅವು ಸತ್ತಿವೆಯೇ ಎಂದು ಪರೀಕ್ಷಿಸುತ್ತಾರೆ.

ಒಂದೇ ಗಾಜಿನ ಸಿರಿಂಜನ್ನು ಕುದಿಸಿ ಕುದಿಸಿ ಬಳಸುತ್ತಿದ್ದ ದಿನಗಳ ಬಗ್ಗೆ ನಿಮ್ಮ ಮನೆಯ ಹಿರಿಯರನ್ನು ಕೇಳಿ. ಆಗ ಈ ಎರಡು ಪ್ರಶ್ನೆಗಳು ನಿಮ್ಮ ಮನಸ್ಸಿನಲ್ಲಿರಲಿ: ಎಷ್ಟು ಶಾಖ? ಎಷ್ಟು ಹೊತ್ತು?