ಒಂದು ತಿಂಗಳ ಗಡುವು

ಮಾನವ ಹಕ್ಕುಗಳ ಆಯೋಗದಲ್ಲಿ ರಾಜಕೀಯ ಹಸ್ತಕ್ಷೇಪ ಅಂದ ಕೂಡಲೇ ಜನ ಯಾವುದೋ ಮಂತ್ರಿಯ ಫೋನ್ ಕರೆಯನ್ನು ಊಹಿಸಿಕೊಳ್ಳುತ್ತಾರೆ. ಕೊಳ್ಳೇಗಾಲದ ಕೋರ್ಟಿನಲ್ಲಿ ವಕೀಲಿ ಮಾಡುತ್ತಲೇ ಮುದುಕನಾದ ನನಗೆ ಅಂಥ ಕರೆಗಳ ಸಂಗತಿ ಗೊತ್ತಿಲ್ಲ. ಕರೆ ಮಾಡುವ ಪ್ರಮೇಯವೇ ಬಾರದ ಹಾಗೆ ಕಾಯಿದೆ ಬರೆದಿಟ್ಟಿದ್ದಾರೆ ಎನ್ನುವುದಷ್ಟೇ ಗೊತ್ತು.

ಕಾಶ್ಮೀರ, ಪಂಜಾಬಿನ ವಿದ್ಯಮಾನಗಳಿಗೆ ಹೊರದೇಶಗಳಿಂದ ಛೀಮಾರಿ ಬೀಳುತ್ತಿದ್ದ ಕಾಲ ಅದು. ನರಸಿಂಹ ರಾವ್ ಸರ್ಕಾರ 1993ರ ಸೆಪ್ಟೆಂಬರ್ 28ರಂದು ಸುಗ್ರೀವಾಜ್ಞೆ ತಂದು, ಅಕ್ಟೋಬರ್ 12ಕ್ಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವನ್ನು ರಚಿಸಿಯೇಬಿಟ್ಟಿತು. ಆ ಸುಗ್ರೀವಾಜ್ಞೆಯ ಜಾಗಕ್ಕೆ ಬಂದ ಕಾಯಿದೆಯ 11ನೇ ಕಲಮು ನೋಡಿ: ಆಯೋಗದ ಮಹಾಕಾರ್ಯದರ್ಶಿಯನ್ನೂ ತನಿಖೆಗೆ ಬೇಕಾದ ಪೊಲೀಸರನ್ನೂ ಒದಗಿಸುವುದು ಕೇಂದ್ರ ಸರ್ಕಾರವೇ. 19ನೇ ಕಲಮಿನ ಪ್ರಕಾರ, ದೂರು ಸಶಸ್ತ್ರ ಪಡೆಗಳ ಮೇಲಿದ್ದರೆ ಆಯೋಗ ತಾನೇ ತನಿಖೆ ಮಾಡುವಂತಿಲ್ಲ, ಕೇಂದ್ರದಿಂದ ವರದಿ ತರಿಸಿಕೊಳ್ಳಬೇಕು. ಆಯೋಗ ಹುಟ್ಟಿ ಹತ್ತೇ ದಿನಕ್ಕೆ ಕಾಶ್ಮೀರದ ಬಿಜ್‌ಬೆಹಾರಾದಲ್ಲಿ ಗಡಿ ಭದ್ರತಾ ಪಡೆಯವರು ಗುಂಡು ಹಾರಿಸಿದರು. ಪಡೆಯ ಒಳವಿಚಾರಣೆಯ ಕಡತ ಕೊಡಿ ಎಂದು ಆಯೋಗ ಕೇಳಿತು; ಕೊಡಲಿಲ್ಲ. ಈ ಕಲಮನ್ನು ಸಡಿಲಿಸಬೇಕೆಂದು ನಿವೃತ್ತ ಮುಖ್ಯ ನ್ಯಾಯಮೂರ್ತಿ ಅಹ್ಮದಿಯವರ ಸಮಿತಿ 1999ರಲ್ಲಿ ಹೇಳಿದ್ದಕ್ಕೂ ಸರ್ಕಾರ ಒಪ್ಪಲಿಲ್ಲ.

ದೆಹಲಿಯ ಮಾತು ಇಷ್ಟು ಸಾಕು. ನಮ್ಮ ಬೆಟ್ಟದ ಕಥೆಯಲ್ಲಿ ಸೈನ್ಯ ಇರಲಿಲ್ಲ, ಎರಡು ರಾಜ್ಯಗಳ ಪೊಲೀಸರಿದ್ದರು.

1993ರ ಏಪ್ರಿಲಿನಲ್ಲಿ ಪಾಲಾರ್ ಬಳಿ ಕಾಡುಗಳ್ಳ ವೀರಪ್ಪನ್ ನೆಲಬಾಂಬ್ ಸಿಡಿಸಿದ ಮೇಲೆ ಕರ್ನಾಟಕ, ತಮಿಳುನಾಡಿನ ವಿಶೇಷ ಕಾರ್ಯಪಡೆ (ಎಸ್‌ಟಿಎಫ್) ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳ ಮೇಲೆ ಮುಗಿಬಿತ್ತು. ಬೆಟ್ಟದಲ್ಲೊಂದು ವಿಚಾರಣಾ ಜಾಗವಿತ್ತು. ಅಲ್ಲಿಂದ ಜೀವಂತ ಬಂದವರು ಅದನ್ನು 'ವರ್ಕ್‌ಶಾಪ್' ಅನ್ನುತ್ತಿದ್ದರು. ಕರೆಂಟ್ ಕೊಟ್ಟದ್ದು, ಹೆಂಗಸರ ಮೇಲೆ ಎರಗಿದ್ದು, ಎಲ್ಲ ದೂರುಗಳಾಗಿ ದೆಹಲಿಗೆ ಹೋದವು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಬೆಂಗಳೂರಿನ ಎಂ.ಎನ್. ವೆಂಕಟಾಚಲಯ್ಯನವರು. ಈ ದೂರುಗಳ ವಿಚಾರಣೆಗೆ 1999ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಕವಾಯಿತು. ಆಯೋಗ ಕೇಂದ್ರ ಕೊಟ್ಟ ಎರವಲು ಪೊಲೀಸರನ್ನೇ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ ಎನ್ನುವುದನ್ನು ನಾನು ಯಾವತ್ತೂ ಒತ್ತಿ ಹೇಳುತ್ತೇನೆ.

ಸಮಿತಿಗೆ ಕೊಡಲು ನನ್ನ ಬಳಿ ಅಫಿಡವಿಟ್ ಬರೆಸಲು ಬಂದವರಲ್ಲಿ ಮಾರ್ಟಳ್ಳಿ ಕಡೆಯ ಒಬ್ಬ ಹೆಂಗಸು ಇದ್ದಳು. ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಎಡಗೈ ಹೆಬ್ಬೆಟ್ಟಿಗೆ ಶಾಯಿ ಹಚ್ಚುವಾಗ ಕೇಳಿದಳು: "ಈ ಕಾಗ್ದನೂ ಪೊಲೀಸ್ನೋರೇ ಓದಾರಾ ಸ್ವಾಮಿ?" ಇಲ್ಲಮ್ಮ, ಜಡ್ಜ್ ಸಾಹೇಬರೇ ಓದುತ್ತಾರೆ ಅಂದೆ. 11ನೇ ಕಲಮನ್ನು ಅವಳಿಗೆ ವಿವರಿಸುವ ಧೈರ್ಯ ನನಗಿರಲಿಲ್ಲ.

ವಿಚಾರಣೆ ಶುರುವಾದ ಮೇಲೆ ಕೋರ್ಟಿನಿಂದ ತಡೆಯಾಜ್ಞೆ ಬಂತು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರರನ್ನು ಹೊತ್ತೊಯ್ದ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಆ ತಡೆಯಾಜ್ಞೆ ತೆರವಾಗಬೇಕು ಎನ್ನುವುದೂ ಒಂದು! ಹಕ್ಕಿನ ವಿಚಾರಣೆ ಮುಂದುವರಿಯಲಿ ಎಂದು ಕೇಳುವ ಸರದಿ ಕಾಡುಗಳ್ಳನದಾಗಿದ್ದು ಎರಡೂ ಸರ್ಕಾರಗಳಿಗೆ ಅನುಕೂಲವೇ ಆಯಿತೆಂದು ನನ್ನ ಗುಮಾನಿ. ಆಮೇಲೆ ಬೆಟ್ಟದ ಜನರ ಪರ ಯಾರು ಬಾಯಿಬಿಟ್ಟರೂ ವೀರಪ್ಪನ್ ಕಡೆಯವರಾಗಿಬಿಟ್ಟರು.

ಸಮಿತಿಯ ವರದಿ ಬಂದದ್ದು 2003ರ ಕೊನೆಗೆ. ಆಯೋಗ ವರದಿ ಕಳಿಸಿದರೆ ಸರ್ಕಾರ ಒಂದು ತಿಂಗಳಲ್ಲಿ ಉತ್ತರ ಕೊಡಬೇಕೆಂದು 18ನೇ ಕಲಮು ಹೇಳುತ್ತದೆ. ಕೊಡದಿದ್ದರೆ ಏನು ಎಂಬುದನ್ನು ಹೇಳುವುದಿಲ್ಲ. ಎರಡು ರಾಜ್ಯಗಳಿಗೂ ಕಾಗದ ಓಡಾಡಿ, 89 ಜನರಿಗೆ 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿದಾಗ 2007ರ ಜನವರಿ. ಹಂಗಾಮಿ ಅಧ್ಯಕ್ಷರಾಗಿದ್ದವರು ರಾಯಚೂರು ಸೀಮೆಯ ಶಿವರಾಜ ಪಾಟೀಲರು. ಅಷ್ಟೊತ್ತಿಗೆ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು. ಎಸ್‌ಟಿಎಫ್‌ನವರಿಗೆ ನಿವೇಶನ, ಬಡ್ತಿ, ನಗದು ಬಹುಮಾನ ಕೊಡುವುದಕ್ಕೆ ಯಾವ ಸರ್ಕಾರವೂ ತಡಮಾಡಿರಲಿಲ್ಲ.

ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನುವುದು ಲೆಕ್ಕಕ್ಕೇ ಇಲ್ಲ ಅಂತ ಇದರರ್ಥವಲ್ಲ. ಇದೇ ಕಾಯಿದೆಯನ್ನು ಇಟ್ಟುಕೊಂಡು 2003ರಲ್ಲಿ ಆಯೋಗ ಗುಜರಾತ್ ಗಲಭೆಯ ಬೆಸ್ಟ್ ಬೇಕರಿ ಪ್ರಕರಣವನ್ನು ಸುಪ್ರೀಂ ಕೋರ್ಟಿಗೆ ಒಯ್ದಿತ್ತು. ಇದೇ ಕಾಯಿದೆಯ ಆಯೋಗ 2016ರ ಹೊತ್ತಿಗೆ, ಮಣಿಪುರದ ಎನ್‌ಕೌಂಟರ್ ಪ್ರಕರಣದಲ್ಲಿ, ಹಲ್ಲಿಲ್ಲದ ಹುಲಿ ಅನ್ನಿಸಿಕೊಂಡಿತು. ಕೂರುವವರು ಯಾರು ಎನ್ನುವುದು ಅಷ್ಟು ಮುಖ್ಯವಾದ್ದರಿಂದಲೇ 2019ರ ತಿದ್ದುಪಡಿ ನನಗೆ ಸಣ್ಣದೆನಿಸುವುದಿಲ್ಲ. ಅಲ್ಲಿಯವರೆಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾದವರು ಮಾತ್ರ ಅಧ್ಯಕ್ಷರಾಗಬಹುದಿತ್ತು. ಈಗ ಸುಪ್ರೀಂ ಕೋರ್ಟಿನ ಯಾವ ನಿವೃತ್ತ ನ್ಯಾಯಮೂರ್ತಿಯಾದರೂ ಸರಿ. ಐದು ವರ್ಷದ ಅವಧಿ ಮೂರಕ್ಕಿಳಿಯಿತು, ಜೊತೆಗೆ ಮರುನೇಮಕದ ಆಸೆ.

ಅಧ್ಯಕ್ಷರನ್ನು ಆರಿಸುವ ಸಮಿತಿಯಲ್ಲಿ ಆರು ಜನ: ಪ್ರಧಾನಿ, ಗೃಹ ಮಂತ್ರಿ, ಲೋಕಸಭೆಯ ಸ್ಪೀಕರ್, ರಾಜ್ಯಸಭೆಯ ಉಪಸಭಾಪತಿ, ಎರಡೂ ಸದನಗಳ ವಿರೋಧ ಪಕ್ಷದ ನಾಯಕರು. ಎಣಿಸಿದರೆ ಸಾಮಾನ್ಯವಾಗಿ ನಾಲ್ಕಕ್ಕೆ ಎರಡು. 2021ರಲ್ಲಿ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು, ದಲಿತ, ಆದಿವಾಸಿ, ಅಲ್ಪಸಂಖ್ಯಾತರಲ್ಲಿ ಒಬ್ಬರನ್ನಾದರೂ ಪರಿಗಣಿಸಿ ಎಂದು ಕೇಳಿ, ಒಪ್ಪದಿದ್ದಾಗ ಭಿನ್ನಮತ ದಾಖಲಿಸಿದರು. ಅರುಣ್ ಮಿಶ್ರಾ ನೇಮಕವಾದರು. 2024ರ ಡಿಸೆಂಬರಿನಲ್ಲಿ ಖರ್ಗೆ ಮತ್ತು ರಾಹುಲ್ ಗಾಂಧಿ ಇಬ್ಬರೂ ಭಿನ್ನಮತ ಬರೆದು ರೋಹಿಂಟನ್ ನಾರಿಮನ್, ಕೆ.ಎಂ. ಜೋಸೆಫ್ ಹೆಸರು ಸೂಚಿಸಿದರು. ವಿ. ರಾಮಸುಬ್ರಮಣಿಯನ್ ಅಧಿಕಾರ ವಹಿಸಿಕೊಂಡರು. ಭಿನ್ನಮತದ ಹಾಳೆ ಕಡತ ಸೇರಿತು.