ಎರೆಸೀಮೆಯ ರೈತ ಮತ್ತು ಮದ್ದು ಜಡಿಯುವ ಬಂದೂಕು: ಆಯ್ಕೆಯ ಪ್ರಶ್ನೆ

ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಕುರಿತ ಬರಹಗಳು ನಳಿಗೆಯ ಉದ್ದ, ಗುರಿಯ ದೂರ, ಕೀಲಿನ ಬಗೆ ಇವನ್ನೆಲ್ಲ ಚರ್ಚಿಸಿ, ಕೊನೆಗೆ ಆಯ್ಕೆಯನ್ನು ಕೊಳ್ಳುವವನ ಇಷ್ಟಕ್ಕೆ ಬಿಡುತ್ತವೆ. ಶಲವಡಿ, ಅಣ್ಣಿಗೇರಿ, ನವಲಗುಂದದ ಸುತ್ತಲ ಎರೆಸೀಮೆಯಲ್ಲಿ ಈ ಮಾತು ನಿಲ್ಲುವುದಿಲ್ಲ. ಇಲ್ಲಿಯ ರೈತನ ಕೈಗೆ ಎಂಥ ಬಂದೂಕು ಬರಬೇಕೆಂಬುದನ್ನು 1857ರಿಂದ ಈಚೆಗೆ ಕಾಯಿದೆಯೇ ನಿರ್ಧರಿಸುತ್ತ ಬಂದಿದೆ.

ಮೊದಲು ಆಯುಧದ ವಿಚಾರ. ಬತ್ತಿಯಿಂದ ಕಿಡಿ ಕೊಡುವುದು ಹಳೆಯದು; ಆಮೇಲೆ ಚಕಮಕಿ, ಆಮೇಲೆ ಕೇಪು. ಬತ್ತಿ, ಚಕಮಕಿ ಎರಡರಲ್ಲೂ ಕಿಡಿ ತಾಗುವ ರಂಜಕದ ಪುಡಿ ನಳಿಗೆಯ ಹೊರಗೇ ಇರುವುದರಿಂದ ಮುಂಗಾರಿನ ತೇವಕ್ಕೆ ಅದು ಹೊತ್ತುವ ಭರವಸೆಯಿಲ್ಲ. ಬಂದೂಕಿನ ಕುದುರೆ, ಎಂದರೆ ಸುತ್ತಿಗೆಯಂಥ ಕೀಲು, ಬಡಿದಾಗ ಸಿಡಿಯುವ ತಾಮ್ರದ ಕೇಪು ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿತು. ನಳಿಗೆಯಲ್ಲೂ ಎರಡು ಬಗೆ. ಒಳಗೆ ಸುರುಳಿ ಗೀರುಗಳಿದ್ದರೆ ಗುಂಡು ತಿರುಗುತ್ತ ನೆಟ್ಟಗೆ ಹೋಗುತ್ತದೆ; 1853ರ ಎನ್‌ಫೀಲ್ಡ್ ರೈಫಲ್ಲಿಗೆ ಅಂಥ 3 ಗೀರುಗಳಿದ್ದವು. ನುಣುಪು ನಳಿಗೆಯ ಗುಂಡಿನ ಗುರಿಯನ್ನು 100 ಗಜದಾಚೆ ನಂಬುವಂತಿಲ್ಲ. ಹಾಗೆಂದು ರೈಫಲ್ಲೇ ಮೇಲು ಎನ್ನಲಾಗದು. ಗೀರು ನಳಿಗೆಗೆ ಚರೆ ತುಂಬಿದರೆ ಕಾಳುಗಳು ತಿರುಗಿ ಅಡ್ಡಾದಿಡ್ಡಿ ಚೆದುರುತ್ತವೆ. ಹೊಲ ಕಾಯುವವನಿಗೆ ನುಣುಪು ನಳಿಗೆಯೇ ಅನುಕೂಲ.

ಮನೆಯ ಜಂತಿಗೆ ತೂಗುಬಿದ್ದ ಹಳೆಯ ಬಂದೂಕನ್ನು ಪರೀಕ್ಷಿಸುವಾಗ ಮೊದಲು ನೋಡಬೇಕಾದದ್ದು ಕೆತ್ತನೆಯನ್ನಲ್ಲ. ಕುದುರೆಯ ಕೆಳಗೆ ಕೇಪು ಇಲ್ಲವೆಂದು ಖಚಿತಪಡಿಸಿಕೊಂಡು, ಮದ್ದು ಜಡಿಯುವ ಸಲಾಕೆಯನ್ನು ನಳಿಗೆಯೊಳಗೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಬೇಕು. ಸಲಾಕೆಯ ತುದಿ ಬುಡದವರೆಗೆ ಮುಟ್ಟದಿದ್ದರೆ ಒಳಗೆ ಏನೋ ಇದೆ ಎಂದರ್ಥ. ಅಜ್ಜನ ಕಾಲದಲ್ಲಿ ಜಡಿದಿಟ್ಟ ಮದ್ದು ಮೊಮ್ಮಗನ ಕಾಲದಲ್ಲೂ ಸಿಡಿದೀತು. ವಸ್ತುಸಂಗ್ರಹಾಲಯದವರು ಕೂಡ ಇಷ್ಟು ನೋಡದೆ ಬಂದೂಕನ್ನು ಮುಟ್ಟಬಾರದು.

ಇನ್ನು ಕಾಯಿದೆ. ಬ್ರಿಟಿಷರ 1857ರ ನಿಶ್ಶಸ್ತ್ರೀಕರಣ ಕಾಯಿದೆ ಈ ಭಾಗದ ಜನರನ್ನು ತಟ್ಟಿದ ಪರಿಗೆ ಹಲಗಲಿಯೇ ಸಾಕ್ಷಿ. ಮುಧೋಳ ಸಂಸ್ಥಾನದ ಆ ಊರಿನ ಬೇಡರು ಆಯುಧ ಒಪ್ಪಿಸಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಮರುವರ್ಷ ಶಲವಡಿಗೆ ನೆರೆಯಾದ ನರಗುಂದದಲ್ಲಿ ಅಲ್ಲಿಯ ದೊರೆ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದ. ಅವನ ಬಂಡಾಯಕ್ಕೆ ದತ್ತಕದ ನಿರಾಕರಣೆಯೂ ಕಾರಣವಾಗಿತ್ತು, ಆದ್ದರಿಂದ ಹಲಗಲಿ, ನರಗುಂದ ಎರಡನ್ನೂ ಒಂದೇ ಕಟ್ಟಿಗೆ ಕಟ್ಟುವುದು ಸರಿಯಲ್ಲ. 1878ರ ಆಯುಧ ಕಾಯಿದೆಯೊಂದಿಗೆ ಲೈಸೆನ್ಸಿನ ವ್ಯವಸ್ಥೆ ಬೇರೂರಿತು.

ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆ ಮದ್ದು ಜಡಿಯುವ ಬಂದೂಕಿಗೆ ವಿಶೇಷ ಸ್ಥಾನ ಕೊಟ್ಟಿತು. ನಿಜವಾದ ಬೆಳೆ ರಕ್ಷಣೆಗಾಗಿ ಅಂಥ ಬಂದೂಕು ಬೇಡಿದ ಅರ್ಜಿಯನ್ನು 13ನೆಯ ಕಲಮು ಪ್ರತ್ಯೇಕವಾಗಿ ಹೆಸರಿಸುತ್ತದೆ. ಆ ಬಂದೂಕು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಬಂದೂಕು. ಬೆಳೆ ಕಾಯುವುದಕ್ಕೆ ರೈಫಲ್ಲನ್ನು ಈ ಕಲಮು ಹೆಸರಿಸುವುದಿಲ್ಲ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿಯಿದೆ, 2019ರ ಆದೇಶದಂತೆ 2029ರವರೆಗೆ. ಎರೆಸೀಮೆಗೆ ಅಂಥದ್ದೇನೂ ಇಲ್ಲ.

ಆದರೆ ಇಲ್ಲಿ ಬೆಳೆ ತಿನ್ನುವುದು ಯಾವ ಪ್ರಾಣಿ? ಮರದ ಮರೆಯೇ ಇಲ್ಲದ ಬಯಲಲ್ಲಿ ಕಡಲೆ, ಹೆಸರು ಚಿಗುರಿದಾಗ ಇಳಿಯುವುದು ಚಿಗರಿ, ಎಂದರೆ ಕೃಷ್ಣಮೃಗದ ಹಿಂಡು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಆ ಅನುಸೂಚಿಯ ಪ್ರಾಣಿಯನ್ನು ಬೆಳೆ ಹಾನಿಯ ಕಾರಣಕ್ಕೆ ಕೊಲ್ಲಲು ಅಪ್ಪಣೆ ಸಿಗದು. ಕಾಡಂಚಿನ ಕಲಘಟಗಿಯ ಕಾಡುಹಂದಿಯ ವಿಚಾರ ಬೇರೆ. ಅಲ್ಲಿಯೂ ಲಿಖಿತ ಅಪ್ಪಣೆ ಬೇಕು. ಹೀಗಾಗಿ ಶಲವಡಿಯ ರೈತ ನಳಿಗೆ, ಕೀಲು ಎಷ್ಟೇ ನೋಡಿ ಆರಿಸಿದರೂ ಚಿಗರಿಯ ಮೇಲೆ ಗುಂಡು ಹಾರಿಸುವಂತಿಲ್ಲ. ಬೆಳೆ ರಕ್ಷಣೆಯ ಬಂದೂಕನ್ನು ಕುರಿತು ಬರೆಯುವ ಸಂಶೋಧಕರು 1959ರ ಕಲಮಿನ ಪಕ್ಕದಲ್ಲೇ 1972ರ ಅನುಸೂಚಿಯನ್ನೂ ಇಟ್ಟುಕೊಂಡು ಓದಬೇಕು.