ಮೀಠಿ ನದಿಯ ಕುರ್ಲಾ ದಂಡೆ: ಇತಿಹಾಸ

ಮೀಠಿ ಮುಂಬಯಿಯ ಸಾಷ್ಟಿ (ಸಾಲ್ಸೆಟ್) ದ್ವೀಪದ ನದಿ. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿ ನೀರಿನಿಂದ ಹುಟ್ಟಿ, ಮರೋಳ್, ಸಾಕಿನಾಕಾ, ಕುರ್ಲಾ, ಕಲೀನಾ, ಧಾರಾವಿಗಳ ಬದಿಯಲ್ಲಿ ಹರಿದು ಮಾಹಿಂ ಕೊಲ್ಲಿಯಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಉದ್ದ 17.84 ಕಿ.ಮೀ. ಕರಾವಳಿಯ ಕನ್ನಡಿಗರಿಗೆ ಕುರ್ಲಾ ಎಂದರೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹೊರಡುವ ಲೋಕಮಾನ್ಯ ತಿಲಕ್ ಟರ್ಮಿನಸ್, ಬಂಟರ ಸಂಘದ ಭವನ. ಆ ಕುರ್ಲಾ ಒಂದು ಕಾಲಕ್ಕೆ ಪೋರ್ಚುಗೀಸರ ನದಿದಂಡೆಯ ಉಂಬಳಿಯಾಗಿತ್ತು ಎಂಬುದು ಅಲ್ಲಿ ರೈಲು ಹತ್ತಿಳಿಯುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

1534ರ ಡಿಸೆಂಬರ್ 23ರಂದು ಗುಜರಾತಿನ ಸುಲ್ತಾನ ಬಹಾದುರ್ ಶಹನಿಗೂ ಪೋರ್ಚುಗೀಸರಿಗೂ ಆದ ವಸಯಿ ಒಪ್ಪಂದದಿಂದ ಸಾಷ್ಟಿ ಪೋರ್ಚುಗೀಸರ ವಶಕ್ಕೆ ಬಂತು. 1548ರಲ್ಲಿ ಗವರ್ನರ್ ಜುವಾಂವ್ ದ ಕ್ಯಾಸ್ಟ್ರೊ ಕುರ್ಲಾವನ್ನೂ ಮೊಹಿಲಿ, ಕೋಳೆಕಲ್ಯಾಣ, ಮರೋಳ್, ಸಹಾರ್, ಅಸಲ್ಫೆ, ಪರ್ಜಾಪುರ ಎಂಬ ಆರು ಹಳ್ಳಿಗಳನ್ನೂ ಅಂತೋನಿಯೊ ಪೆಸ್ಸೋವಾ ಎಂಬಾತನಿಗೆ ಯುದ್ಧಸೇವೆಯ ಇನಾಮಾಗಿ ಬರೆದುಕೊಟ್ಟ. ಹಳ್ಳಿಗಳ ಹೆಸರು ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಕುರ್ಲಾ, ಇಂದು ಕಲೀನಾ ಎನಿಸಿಕೊಂಡಿರುವ ಕೋಳೆಕಲ್ಯಾಣ, ಮರೋಳ್ ಈ ಮೂರೂ ಮೀಠಿಯ ಆಸುಪಾಸಿನಲ್ಲೇ ಇವೆ. ಪೆಸ್ಸೋವಾನಿಗೆ ಸಿಕ್ಕಿದ್ದು ಸರಿಸುಮಾರು ಒಂದು ನದಿಯ ನಡುಭಾಗ ಎಂದರೆ ಹೆಚ್ಚು ಹೇಳಿದಂತಾಗದು.

ಗದ್ದೆ, ಉಪ್ಪು ಮತ್ತು ಮೀನಿನ ಜೊತೆಗೆ ಸಾಷ್ಟಿಯ ಇನ್ನೊಂದು ಹುಟ್ಟುವಳಿ ಕಳ್ಳು. ತೆಂಗು, ತಾಳೆ, ಈಚಲು ಮೂರರಿಂದಲೂ ಇಳಿಸುತ್ತಿದ್ದರು. ನಮ್ಮ ಕರಾವಳಿಯಲ್ಲಿ ಬಿಲ್ಲವರು ಮೂರ್ತೆ ಮಾಡಿದಂತೆ ಇಲ್ಲಿ ಭಂಡಾರಿಗಳು ಆ ಕಸುಬು ಹಿಡಿದಿದ್ದರು. ಬಿರಿಯದ ಹೊಂಬಾಳೆಯನ್ನು ಹುರಿಯಿಂದ ಬಿಗಿದು, ಕೆಲವು ದಿನ ಮೆಲ್ಲಗೆ ತಟ್ಟಿ ಹದಕ್ಕೆ ತಂದು, ತುದಿಯನ್ನು ಕತ್ತಿಯಿಂದ ಕಾಗದದಷ್ಟು ತೆಳುವಾಗಿ ಕೊಯ್ದು ಮಡಕೆ ಕಟ್ಟಬೇಕು. ಬೆಳಿಗ್ಗೆ ಸಂಜೆ ಮರ ಹತ್ತಿ ಮತ್ತೆ ಒಂದೊಂದು ಪದರ ಕೊಯ್ಯದಿದ್ದರೆ ಒಸರು ನಿಲ್ಲುತ್ತದೆ. ಮಡಕೆಯ ಒಳಗೆ ಸುಣ್ಣ ಸವರಿದರೆ ಸಿಹಿಯಾಗಿಯೇ ಉಳಿದೀತು, ಸವರದಿದ್ದರೆ ಇಳಿಸುವ ಹೊತ್ತಿಗೇ ನೊರೆಯೇರಿರುತ್ತದೆ. ಮುಂಬಯಿ ದ್ವೀಪವನ್ನು ಗೇಣಿಗೆ ಹಿಡಿದಿದ್ದ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ತೆಂಗಿನ ಕಳ್ಳನ್ನೂ ಅದನ್ನು ಭಟ್ಟಿಯಿಳಿಸಿದ ಸಾರಾಯಿಯನ್ನೂ ವರ್ಣಿಸಿದ್ದಾನೆ. ದ್ರಾಕ್ಷಿಯ ನಾಡಿನಿಂದ ಬಂದವನಿಗೂ ಮರದ ಮೇಲಿನ ಮದ್ಯ ಕುತೂಹಲದ ವಸ್ತುವಾಗಿತ್ತು.

ಆ ದ್ರಾಕ್ಷಿಯ ನಾಡಾದ ಪೋರ್ಚುಗಲ್‌ನ ನದಿ ಡೌರೊ. 897 ಕಿ.ಮೀ. ಉದ್ದದ ಅದಕ್ಕೂ ನಮ್ಮ ಮೀಠಿಗೂ ಗಾತ್ರದಲ್ಲಿ ಯಾವ ಹೋಲಿಕೆಯೂ ಇಲ್ಲ. ಆದರೆ ಎರಡರ ದಂಡೆಯೂ ಒಂದೇ ಸಿಂಹಾಸನಕ್ಕೆ ಕಂದಾಯ ಕಟ್ಟಿದ ಕಾಲವಿತ್ತು. 1756ರಲ್ಲಿ ಪೋರ್ಚುಗಲ್‌ನ ಮಂತ್ರಿ ಪೊಂಬಾಲ್, ಕಲಬೆರಕೆ ತಡೆದು ವೈನಿನ ಹೆಸರು ಉಳಿಸಲು, ಡೌರೊ ಕಣಿವೆಗೆ ಕಾನೂನಿನ ಗಡಿ ಹಾಕಿದ. ಆ ಗಡಿಗೆ 335 ಕಲ್ಲುಕಂಬಗಳನ್ನು ನೆಡಲಾಯಿತು. ರಬೆಲೊ ಎಂಬ ಚಪ್ಪಟೆ ತಳದ ದೋಣಿಗಳು ಪೀಪಾಯಿಗಳನ್ನು ಹೊತ್ತು ಪೋರ್ಟೊ ಎದುರಿನ ಗೈಯಾ ದಂಡೆಗೆ ಇಳಿಯುತ್ತಿದ್ದವು. ಇಂದು ಅದೇ ಹಾದಿಯಲ್ಲಿ ಪ್ರವಾಸಿ ಹಡಗುಗಳು ಹೋಗಿ ರೇಗುವಾ, ಪಿನ್ಯಾಂವ್‌ಗಳಲ್ಲಿ ನಿಲ್ಲುತ್ತವೆ. 2001ರಲ್ಲಿ ಯುನೆಸ್ಕೊ ಆ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪೊಂಬಾಲನ ಗಡಿ ಬೀಳುವ ಹೊತ್ತಿಗೆ ಮೀಠಿಯ ದಂಡೆ ಪೋರ್ಚುಗೀಸರ ಕೈ ತಪ್ಪಿ ಎರಡು ದಶಕ ಸಮೀಪಿಸಿತ್ತು. ಮುಂದೆ ಬಂದವರಾರಿಗೂ ಈ ದಂಡೆಗೊಂದು ಗಡಿ ಹಾಕಿ ಕಾಯಬೇಕೆಂದು ಅನ್ನಿಸಲಿಲ್ಲ.

ಕೈ ತಪ್ಪಿದ್ದು ಹೇಗೆ ಎಂಬುದರಲ್ಲಿ ಗೊಂದಲವಿದೆ. 1774ರಲ್ಲಿ ಇಂಗ್ಲಿಷರು ಬರುವವರೆಗೂ ಕುರ್ಲಾದಲ್ಲಿ ಪೋರ್ಚುಗೀಸರೇ ಇದ್ದರೆಂದು ಕೆಲವೆಡೆ ಬರೆದದ್ದುಂಟು. ಅದು ತಪ್ಪು. ಮರಾಠರು 1737ರಲ್ಲೇ ಠಾಣೆಯನ್ನೂ ಸಾಷ್ಟಿಯನ್ನೂ ಗೆದ್ದಿದ್ದರು. 1739ರ ಮೇ ತಿಂಗಳಲ್ಲಿ ಮರಾಠ ಸೇನಾನಿ ಚಿಮಾಜಿ ಅಪ್ಪಾನಿಗೆ ವಸಯಿ ಕೋಟೆ ಶರಣಾಯಿತು. 1774ರಲ್ಲಿ ಇಂಗ್ಲಿಷರು ಕಿತ್ತುಕೊಂಡದ್ದು ಮರಾಠರ ಸಾಷ್ಟಿಯನ್ನು. 1782ರ ಸಾಲಬಾಯಿ ಒಪ್ಪಂದ ಅದನ್ನು ಅಧಿಕೃತಗೊಳಿಸಿತು.

ಮರಾಠರು ಬರುವುದಕ್ಕೆ ಮುಂಚೆ ನದಿ ಎರಡು ರಾಜ್ಯಗಳ ಗಡಿಯಾಗಿತ್ತು. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್‌ನ ರಾಜಕುಮಾರಿ ಬ್ರಗಾಂಸಾದ ಕ್ಯಾಥರೀನಳ ಬಳುವಳಿಯಾಗಿ ಮುಂಬಯಿ ಇಂಗ್ಲೆಂಡಿಗೆ ಹೋಯಿತೇ ಹೊರತು ಸಾಷ್ಟಿ ಹೋಗಲಿಲ್ಲ. ಕೊಲ್ಲಿಯ ಈಚೆ ಮಾಹಿಂನಲ್ಲಿ ಇಂಗ್ಲಿಷರು, ಆಚೆ ಬಾಂದ್ರಾದಲ್ಲಿ ಪೋರ್ಚುಗೀಸರು. ಪೋರ್ಚುಗೀಸರು 1640ರಲ್ಲಿ ಕಟ್ಟಿದ ಬಾಂದ್ರಾ ಕೋಟೆ ಆ ಬಾಯಿಯನ್ನು ಕಾಯುತ್ತಿತ್ತು. ಧಾರಾವಿಯ ಕಾಲಾ ಕಿಲ್ಲಾ ಎಂಬ ಇಂಗ್ಲಿಷರ ಕೋಟೆಯ ಗೋಡೆಯ ಕಲ್ಲಿನಲ್ಲಿ ಗವರ್ನರ್ ಜಾನ್ ಹಾರ್ನ್‌ನ ಹೆಸರೂ 1737ನೇ ಇಸವಿಯೂ ಕೊರೆದಿವೆ. ಮರಾಠರು ನದಿಯ ಆಚೆಗೆ ಬಂದು ನಿಂತ ವರ್ಷವೇ ಅದು.

ಈಸ್ಟ್ ಇಂಡಿಯಾ ಕಂಪನಿ 1808ರಲ್ಲಿ ಕುರ್ಲಾ, ಮೊಹಿಲಿ ಮುಂತಾದ ಹಳ್ಳಿಗಳನ್ನು ಪಾರ್ಸಿ ವರ್ತಕ ಹೋರ್ಮಸ್‌ಜಿ ಬಮನ್‌ಜಿ ವಾಡಿಯಾನಿಗೆ ಕೊಟ್ಟು, ಬದಲಿಗೆ ಮುಂಬಯಿ ಕೋಟೆಯ ಅಪೋಲೊ ಬಾಗಿಲ ಬಳಿ ಅವನ ಜಾಗ ಪಡೆಯಿತು. ಅಷ್ಟರಲ್ಲಿ ಸಯನ್‌ನಿಂದ ಕುರ್ಲಾಕ್ಕೆ ಜೌಗಿನ ಮೇಲೆ ದಾರಿಕಟ್ಟೆ ಬಂದಿತ್ತು. ದೋಣಿ ಹಿಂದೆ ಬಿತ್ತು. 1853ರ ಏಪ್ರಿಲ್ 16ರಂದು ಬೋರಿಬಂದರ್–ಠಾಣೆ ರೈಲು ಕುರ್ಲಾದ ಮೂಲಕ ಓಡಿದ ಮೇಲೆ ನದಿಗೆ ಸಾಗಣೆಯ ಕೆಲಸ ಉಳಿಯಲಿಲ್ಲ. 1860ರಲ್ಲಿ ಮುಗಿದ ವಿಹಾರ್ ಅಣೆಕಟ್ಟು ಬೆಟ್ಟದ ನೀರನ್ನು ನಗರದ ನಲ್ಲಿಗಳಿಗೆ ತಿರುಗಿಸಿತು. ಕುರ್ಲಾದಲ್ಲಿ ಗಿರಣಿಗಳು ಎದ್ದವು. ಅವುಗಳಲ್ಲಿ ದೊಡ್ಡದಾದ ಧರಮ್‌ಸಿ ಮಿಲ್ಲನ್ನು ಜಮ್‌ಶೆಟ್‌ಜಿ ಟಾಟಾ 1886ರಲ್ಲಿ ಕೊಂಡು ಸ್ವದೇಶಿ ಮಿಲ್ ಎಂದು ಹೆಸರಿಟ್ಟರು. ಕಳ್ಳಿನ ಮರಗಳಿಗೆ 1878ರ ಅಬಕಾರಿ ಕಾಯಿದೆಯ ಬಿಗಿ ಬಿತ್ತು.

ಇಪ್ಪತ್ತನೆಯ ಶತಮಾನ ನದಿಗೆ ಮಾಡಿದ್ದು ಇನ್ನೂ ಹೆಚ್ಚು. ವಿಮಾನ ನಿಲ್ದಾಣಕ್ಕಾಗಿ ಪಾತ್ರವನ್ನು ತಿರುಗಿಸಿ ರನ್‌ವೇಯ ಅಡಿಗೆ ತೂರಿಸಿದರು. 1977ರಿಂದ ಯೋಜನೆಗೆ ಬಂದ ಬಾಂದ್ರಾ–ಕುರ್ಲಾ ಸಂಕೀರ್ಣ ನದೀಮುಖದ ಜೌಗನ್ನೂ ಕಾಂಡ್ಲಾ ಕಾಡನ್ನೂ ತುಂಬಿಸಿ ಎದ್ದಿತು. ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಅಂಗಡಿಗಳ ಹಿಂದೆ ಎಣ್ಣೆ, ರಾಸಾಯನಿಕ ತುಂಬಿದ್ದ ಪೀಪಾಯಿಗಳನ್ನು ತೊಳೆದು ಆ ನೀರನ್ನು ಹೊಳೆಗೇ ಬಿಡುವ ಕಸುಬು ಬೆಳೆಯಿತು. ಡೌರೊಗೂ ಪೀಪಾಯಿ, ಮೀಠಿಗೂ ಪೀಪಾಯಿ. ಒಂದು ತುಂಬಿಕೊಂಡು ಹೊರಟಿತು, ಇನ್ನೊಂದು ಖಾಲಿಯಾಗಲು ಬಂತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಇಕ್ಕಟ್ಟಾದ ಪಾತ್ರ ತಡೆಯಲಾರದೆ ಉಕ್ಕಿ ಕುರ್ಲಾ, ಕಲೀನಾಗಳ ಮನೆಗಳಿಗೆ ನುಗ್ಗಿತು. ನಗರದ ಬಹುಪಾಲು ಜನಕ್ಕೆ ಮೀಠಿ ಎಂಬ ನದಿಯೊಂದಿದೆ ಎಂದು ಗೊತ್ತಾದದ್ದೇ ಅಂದು. ಅದೇ ವರ್ಷದ ಆಗಸ್ಟಿನಲ್ಲಿ ಮೀಠಿ ನದಿ ಅಭಿವೃದ್ಧಿ ಮತ್ತು ಸಂರಕ್ಷಣಾ ಪ್ರಾಧಿಕಾರ ರಚನೆಯಾಯಿತು. ಮೇಲಿನ 11.84 ಕಿ.ಮೀ. ಮಹಾನಗರಪಾಲಿಕೆಗೆ, ಕೆಳಗಿನ 6 ಕಿ.ಮೀ. ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ (ಎಂಎಂಆರ್‌ಡಿಎ) ಎಂದು ಕೆಲಸ ಹಂಚಿಕೆಯಾಯಿತು. ಇದ್ದ ಒಂದು ಸಣ್ಣ ನದಿಗೆ ಇಬ್ಬರು ಯಜಮಾನರು. ಹೂಳೆತ್ತುವ ವಿಚಾರ ಪ್ರತಿ ಮಳೆಗಾಲದ ಮುಂಚೆ ಸುದ್ದಿಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟಾದರೂ ನೋಡತಕ್ಕ ತಾಣಗಳು ದಂಡೆಯುದ್ದಕ್ಕೂ ಉಳಿದಿವೆ, ದೋಣಿಯಲ್ಲಲ್ಲ, ಬಸ್ಸು ಮತ್ತು ಕಾಲ್ನಡಿಗೆಯಲ್ಲಿ ತಲುಪುವಂಥವು. ಕಸದ ಗುಡ್ಡೆಯ ಮೇಲೆ ಗಿಡ ನೆಟ್ಟು ಬೆಳೆಸಿ 1994ರಲ್ಲಿ ತೆರೆದ ಮಾಹಿಂ ನಿಸರ್ಗ ಉದ್ಯಾನದಿಂದ ಹೊಳೆ ಸಮೀಪದಲ್ಲೇ ಕಾಣುತ್ತದೆ. ಪೋರ್ಚುಗೀಸರ ಕಾಲಕ್ಕೆ ಹುಟ್ಟಿ 1848ರಲ್ಲಿ ಮತ್ತೆ ಕಟ್ಟಿದ ಹೋಲಿ ಕ್ರಾಸ್ ಇಗರ್ಜಿ ಕುರ್ಲಾದಲ್ಲಿದೆ. ಇವೆಲ್ಲಕ್ಕಿಂತ ಚೆಂದದ್ದು ಮರೋಳ್ ಕಡೆಯ ಸಂತ ಜಾನ್ ಬ್ಯಾಪ್ಟಿಸ್ಟರ ಇಗರ್ಜಿ. 1579ರಲ್ಲಿ ಜೆಸ್ವಿಟ್ ಪಾದ್ರಿಗಳು ಕಟ್ಟಿದ್ದು, 1840ರಲ್ಲಿ ಸಾಂಕ್ರಾಮಿಕ ರೋಗ ಬಂದು ಊರವರು ಬಿಟ್ಟುಹೋದದ್ದು. ಮಾಡು ಕಳೆದುಕೊಂಡ ಆ ಗೋಡೆಗಳು ಈಗ ಸೀಪ್ಜ್ ಕೈಗಾರಿಕಾ ವಲಯದ ಒಳಗಿವೆ. ವಲಯಕ್ಕೆ ಅನುಮತಿ ಇಲ್ಲದೆ ಪ್ರವೇಶವಿಲ್ಲ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಈಸ್ಟ್ ಇಂಡಿಯನ್ ಎಂದು ಕರೆಸಿಕೊಳ್ಳುವ ಮರೋಳಿನ ಸ್ಥಳೀಯ ಕ್ರೈಸ್ತರು ಅಲ್ಲಿ ಪೂಜೆ ನಡೆಸುತ್ತಾರೆ. ನೋಡಬೇಕೆನ್ನುವವರು ಆ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.